ಹಸಿ ವಾಸನೆ ಇಲ್ಲದ ಸೋಯಾ ಹಾಲು: ಬಿಸಿ ಯಾವಾಗ, ಎಷ್ಟು?

ಮನೆಯಲ್ಲಿ ಮಾಡಿದ ಸೋಯಾ ಹಾಲನ್ನು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟವರೇ ಜಾಸ್ತಿ. ಹಸಿ ಕಾಳಿನ ವಾಸನೆ, ಜೊತೆಗೆ ಸ್ವಲ್ಪ ಹುಲ್ಲಿನ ವಾಸನೆ, ಗಂಟಲಲ್ಲಿ ಉಳಿಯುವ ಒಂಥರಾ ಒಗರು. ವೆನಿಲಾ ಹಾಕಿ, ಕೋಕೋ ಹಾಕಿ, ಇನ್ನೊಂದು ಚಮಚ ಸಕ್ಕರೆ ಹಾಕಿ ಅಂತ ಸಲಹೆಗಳು ಬೇಕಾದಷ್ಟಿವೆ. ಅವೆಲ್ಲ ವಾಸನೆಯ ಮೇಲೆ ಚಾದರ ಹೊದಿಸುವ ಕೆಲಸ. ವಾಸನೆ ಹುಟ್ಟದ ಹಾಗೆಯೇ ಮಾಡಲು ಆಗುತ್ತದಾ ಎಂದು ನೋಡಬೇಕಿತ್ತು. ಆಗುತ್ತದೆ. ಆದರೆ ಅದಕ್ಕೆ ಹಾಲಿನ ಮಂದವನ್ನು ಸ್ವಲ್ಪ ಬಿಟ್ಟುಕೊಡಬೇಕು. ಎಷ್ಟು ಬಿಡಬೇಕು ಎನ್ನುವುದೇ ಇಲ್ಲಿನ ಲೆಕ್ಕ.

ಮೊದಲು ವಾಸನೆ ಎಲ್ಲಿಂದ ಬರುತ್ತದೆ ಅಂತ ನೋಡೋಣ. ಇಡೀ ಕಾಳನ್ನು ಮೂಸಿ ನೋಡಿ, ಹೆಚ್ಚೇನೂ ವಾಸನೆ ಇರುವುದಿಲ್ಲ. ನೆನೆಸಿದ ಮೇಲೂ ಅಷ್ಟೇ. ಕಾಳಿನೊಳಗೆ ಲಿಪಾಕ್ಸಿಜಿನೇಸ್ ಎಂಬ ಒಂದು ಎಂಜೈಮ್ ಇದೆ, ಎಣ್ಣೆಯ ಅಂಶವೂ ಇದೆ. ಕಾಳು ಇಡಿಯಾಗಿರುವವರೆಗೆ ಇವೆರಡೂ ತಮ್ಮ ತಮ್ಮ ಜಾಗದಲ್ಲಿರುತ್ತವೆ. ರುಬ್ಬಿದ ಕೂಡಲೇ ಎರಡೂ ಸೇರುತ್ತವೆ, ನೀರು ಮತ್ತು ಗಾಳಿಯೂ ಸಿಗುತ್ತವೆ. ಆಗ ಹುಟ್ಟುವ ಹೆಕ್ಸನಾಲ್‌ನಂಥ ವಸ್ತುಗಳೇ ಆ ಹಸಿ ವಾಸನೆ. ಇದಕ್ಕೆ ಬಹಳ ಹೊತ್ತೂ ಬೇಡ, ಮಿಕ್ಸಿ ತಿರುಗುವ ಹೊತ್ತು ಸಾಕು.

ಹಾಗಾಗಿ ರುಬ್ಬಿ, ಸೋಸಿ, ಆಮೇಲೆ ಎಷ್ಟು ಕುದಿಸಿದರೂ ತಡವಾಗಿರುತ್ತದೆ. ಎಂಜೈಮ್ ತನ್ನ ಕೆಲಸ ಆಗಲೇ ಮುಗಿಸಿರುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 1960ರ ದಶಕದಲ್ಲೇ ಇದಕ್ಕೆ ಒಂದು ದಾರಿ ತೋರಿಸಿದ್ದರು: ಕಾಳನ್ನು ಕುದಿಯುವ ನೀರಲ್ಲೇ ರುಬ್ಬಿ, ಹಿಟ್ಟಿನ ಬಿಸಿ 80 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯದಂತೆ ನೋಡಿಕೊಂಡರೆ ಎಂಜೈಮ್ ಕೆಲಸ ಶುರು ಮಾಡುವ ಮೊದಲೇ ಸಾಯುತ್ತದೆ. ಇಲಿನಾಯ್ ವಿಶ್ವವಿದ್ಯಾಲಯದ ದಾರಿ ಬೇರೆ. ಅವರು ಇಡೀ ಕಾಳನ್ನು ಮೊದಲು ಬೇಯಿಸಿ ಆಮೇಲೆ ರುಬ್ಬಿದರು. ನಾನು ಎರಡನ್ನೂ ಅಡುಗೆಮನೆಯ ಮಟ್ಟಕ್ಕೆ ಇಳಿಸಿ ನೋಡಿದೆ.

ಬೇಕಾದ ಸಾಮಾನು: 100 ಗ್ರಾಂ ಒಣ ಸೋಯಾ ಕಾಳು, 800 ಮಿಲಿಲೀಟರ್ ನೀರು, ಸ್ಟೀಲ್ ಜಾರಿನ ಮಿಕ್ಸಿ, ದಪ್ಪ ತಳದ ದೊಡ್ಡ ಪಾತ್ರೆ, ಸೋಸುವ ಬಟ್ಟೆ, ಚಪ್ಪಟೆ ತುದಿಯ ಮರದ ಸೌಟು, ಅಡುಗೆ ಥರ್ಮಾಮೀಟರ್. ಥರ್ಮಾಮೀಟರ್ ಇಲ್ಲದೆಯೂ ಮಾಡಬಹುದು. ಇದ್ದರೆ ಊಹೆ ಮಾಡುವ ಕಷ್ಟ ತಪ್ಪುತ್ತದೆ. ನೀರು ತೀರಾ ಗಡುಸಾಗಿದ್ದರೆ ಫಿಲ್ಟರ್ ನೀರು ತೆಗೆದುಕೊಳ್ಳಿ. ಗಡುಸು ನೀರಿನಲ್ಲಿರುವ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಸೋಯಾ ಪ್ರೋಟೀನನ್ನು ಹಿಡಿದು ತರಿತರಿ ಮಾಡುತ್ತವೆ. ತೋಫು ಮಾಡುವವರು ಬೇಕಂತಲೇ ಹಾಕುವುದೂ ಇವೇ ಲವಣಗಳನ್ನು.

ನೆನೆಸುವುದು. ಕಾಳಿನ ಮೂರು ಪಟ್ಟು ನೀರು, ಸುಮಾರು 8ರಿಂದ 12 ಗಂಟೆ. ಸೆಖೆ ಇದ್ದರೆ ಫ್ರಿಜ್‌ನಲ್ಲಿ ಇಡುವುದು ಒಳ್ಳೆಯದು, ಇಲ್ಲದಿದ್ದರೆ ನೀರಿನ ಮೇಲೆ ಸಣ್ಣ ಗುಳ್ಳೆ ಎದ್ದು ಹುಳಿ ವಾಸನೆ ಶುರುವಾಗುತ್ತದೆ. ಗಡಿಯಾರಕ್ಕಿಂತ ಕಾಳನ್ನೇ ನಂಬಬೇಕು. ಒಂದು ಕಾಳು ತೆಗೆದು ಎರಡು ಬೇಳೆಯಾಗಿ ಬಿಡಿಸಿ ಒಳಮೈ ನೋಡಿ. ನಡುವೆ ಸಣ್ಣ ಹಳ್ಳ ಇದ್ದು, ಅಲ್ಲಿ ಬಣ್ಣ ಇನ್ನೂ ಗಾಢ ಹಳದಿ ಇದ್ದರೆ ನೀರು ಒಳಗಿನವರೆಗೆ ಹೋಗಿಲ್ಲ. ಒಳಮೈ ಪೂರ್ತಿ ಸಮತಟ್ಟಾಗಿ, ಅಂಚಿನಿಂದ ನಡುವಿನವರೆಗೆ ಒಂದೇ ಬಣ್ಣ ಇದ್ದರೆ ಸಿದ್ಧ. ಉಗುರು ಒತ್ತಿದರೆ ಪಟ್ ಎಂದು ಮುರಿಯಬೇಕು, ಬಾಗಬಾರದು. 100 ಗ್ರಾಂ ಕಾಳು ನೆನೆದ ಮೇಲೆ ಸುಮಾರು 220 ಗ್ರಾಂ ತೂಗುತ್ತದೆ. ನೆನೆಸಿದ ನೀರು ಚೆಲ್ಲಿ, ಕಾಳನ್ನು ಚೆನ್ನಾಗಿ ತೊಳೆಯಿರಿ.

ಸಿಪ್ಪೆ ತೆಗೆಯಬೇಕಾ? ನೀರಲ್ಲಿ ಕೈಯಾಡಿಸಿ ಉಜ್ಜಿದರೆ ತೇಲಿ ಬಂದಷ್ಟನ್ನು ತೆಗೆದರೆ ಸಾಕು. ಸೋಸುವುದು ಸ್ವಲ್ಪ ಸುಲಭವಾಗುತ್ತದೆ. ಒಂದೊಂದೇ ಕಾಳು ಹಿಡಿದು ಕೂರುವಷ್ಟು ಲಾಭ ಅದರಲ್ಲಿಲ್ಲ.

ಹೋಲಿಸಲು ಒಂದು ಅಳತೆ ಬೇಕಲ್ವಾ? ಅದಕ್ಕಾಗಿ ಮೊದಲು ತಣ್ಣೀರಲ್ಲೇ ರುಬ್ಬಿದೆ. ಜಾರಿನ ಮುಚ್ಚಳ ತೆಗೆದ ಕೂಡಲೇ ವಾಸನೆ ಮೂಗಿಗೆ ಬಡಿಯಿತು. ಸೋಸಿ 20 ನಿಮಿಷ ಕುದಿಸಿದ ಮೇಲೆ ಅರ್ಧಕ್ಕರ್ಧ ಕಮ್ಮಿಯಾಯಿತು, ಹೋಗಲಿಲ್ಲ. ಆದರೆ ಒಂದು ಮಾತು ಹೇಳಲೇಬೇಕು: ಮಂದ ಮತ್ತು ನುಣುಪಿನಲ್ಲಿ ಈ ಹಾಲೇ ಎಲ್ಲಕ್ಕಿಂತ ಮೇಲು. ಹಾಗಾಗಿ ತೋಫು ಮಾಡುವ ಉದ್ದೇಶ ಇದ್ದರೆ ತಣ್ಣೀರಲ್ಲಿ ರುಬ್ಬುವುದೇ ಸರಿ ಎನ್ನುವುದು ನನ್ನ ಅಭಿಪ್ರಾಯ. ತೋಫುವಿನಲ್ಲಿ ಆ ವಾಸನೆ ಅಷ್ಟು ಎದ್ದು ಕಾಣುವುದಿಲ್ಲ.

ಆಮೇಲೆ ಇಲಿನಾಯ್ ದಾರಿ. ನೆನೆದ ಕಾಳನ್ನು ಕುದಿಯುವ ನೀರಲ್ಲಿ 20 ನಿಮಿಷ ಬೇಯಿಸಿ, ಬಸಿದು, ರುಬ್ಬಿದೆ. ವಾಸನೆ ಸುಮಾರಾಗಿ ಇಲ್ಲವೇ ಇಲ್ಲ. ಆದರೆ ಬಟ್ಟೆಯಲ್ಲಿ ಉಳಿದ ಚರಟ ಜಾಸ್ತಿ, ಕೆಳಗೆ ಇಳಿದ ಹಾಲು ತೆಳು. ಗ್ಲಾಸಿನಲ್ಲಿ ಇಟ್ಟರೆ ಸ್ವಲ್ಪ ಹೊತ್ತಿಗೆ ತಳದಲ್ಲಿ ಸುಣ್ಣದ ಪುಡಿಯಂಥ ಪದರ. ಕಾರಣ ಸರಳ. ಇಡೀ ಕಾಳು ಬೆಂದಾಗ ಪ್ರೋಟೀನ್ ಕಾಳಿನೊಳಗೇ ಗಟ್ಟಿಯಾಗುತ್ತದೆ. ಆಮೇಲೆ ರುಬ್ಬಿದರೂ ನೀರಿಗೆ ಬಿಡುವುದಿಲ್ಲ. ಇಲಿನಾಯ್‌ನವರು ಅದನ್ನು ಸೋಸುತ್ತಲೇ ಇರಲಿಲ್ಲ. ಭಾರಿ ಒತ್ತಡದ ಹೋಮೊಜಿನೈಸರ್ ಯಂತ್ರದಲ್ಲಿ ಹಾಯಿಸಿ ನುಣ್ಣಗೆ ಮಾಡುತ್ತಿದ್ದರು. ನಮ್ಮ ಮಿಕ್ಸಿಗೆ ಆ ತಾಕತ್ತಿಲ್ಲ.

ಉಳಿದದ್ದು ಬಿಸಿನೀರಲ್ಲಿ ರುಬ್ಬುವುದು. ಇಲ್ಲೇ ಲೆಕ್ಕ ಕೈಕೊಡುವುದು. ಕುದಿಯುವ ನೀರು ಹಾಕಿದ್ದೇವಲ್ಲ, 80 ಡಿಗ್ರಿ ಇದ್ದೇ ಇರುತ್ತದೆ ಎಂದು ಅನಿಸುತ್ತದೆ. ಇರುವುದಿಲ್ಲ. 220 ಗ್ರಾಂ ನೆನೆದ ಕಾಳು 25 ಡಿಗ್ರಿಯಲ್ಲಿದೆ, ಅದಕ್ಕೆ 98 ಡಿಗ್ರಿಯ 400 ಮಿಲಿಲೀಟರ್ ನೀರು ಹಾಕಿದ್ದೀರಿ ಎಂದುಕೊಳ್ಳಿ. ಕಾಳು ತಾನು ಬಿಸಿಯಾಗಲು ನೀರಿನ ಬಿಸಿ ಎಳೆದುಕೊಳ್ಳುತ್ತದೆ. ಲೆಕ್ಕ ಹಾಕಿದರೆ ಎರಡೂ ಸೇರಿ ಸುಮಾರು 76 ಡಿಗ್ರಿಗೆ ನಿಲ್ಲುತ್ತವೆ. ತಣ್ಣಗಿರುವ ಸ್ಟೀಲ್ ಜಾರು ಇನ್ನೊಂದಿಷ್ಟು ಎಳೆಯುತ್ತದೆ. ಥರ್ಮಾಮೀಟರ್ ಅದ್ದಿದಾಗ 71 ತೋರಿಸಿತು. ಫ್ರಿಜ್‌ನಲ್ಲಿ ನೆನೆಸಿದ ಕಾಳನ್ನು ನೇರ ಹಾಕಿದರೆ ಇನ್ನೂ ಕೆಳಗೆ. ‘ಬಿಸಿನೀರಲ್ಲಿ ರುಬ್ಬಿದೆ, ಆದರೂ ವಾಸನೆ ಬಂತು’ ಎನ್ನುವವರ ಕಥೆ ಬಹುತೇಕ ಇದೇ ಇರಬೇಕು.

ಪರಿಹಾರವೂ ಸುಲಭ. ಕಾಳನ್ನೂ ಜಾರನ್ನೂ ಮೊದಲೇ ಬಿಸಿ ಮಾಡಿಕೊಳ್ಳುವುದು. ಪಾತ್ರೆಯಲ್ಲಿ ನೀರು ಕುದಿಸಿ, ಅದಕ್ಕೆ ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ, ಕಾಳು ಸುರಿದು, ಮತ್ತೆ ಕುದಿ ಬಂದ ಮೇಲೆ 2 ನಿಮಿಷ ಬಿಡಿ. ಅಷ್ಟರಲ್ಲಿ ಇನ್ನೊಂದು ಪಾತ್ರೆಯಲ್ಲಿ ಹಾಲಿಗೆ ಬೇಕಾದ 800 ಮಿಲಿಲೀಟರ್ ನೀರೂ ಕುದಿಯುತ್ತಿರಲಿ. ಜಾರಿಗೆ ಒಂದಿಷ್ಟು ಬಿಸಿನೀರು ಹಾಕಿ ತಿರುಗಿಸಿ ಚೆಲ್ಲಿ. ಕಾಳು ಬಸಿದು, ತಡಮಾಡದೆ ಜಾರಿಗೆ ಹಾಕಿ, ಕುದಿಯುವ ನೀರಲ್ಲಿ ಅರ್ಧ ಸುರಿದು ರುಬ್ಬಿ. ಹೀಗೆ ಮಾಡಿದಾಗ ರುಬ್ಬಿದ ಹಿಟ್ಟು 87 ಡಿಗ್ರಿ ಇತ್ತು. ವಾಸನೆ ಹುಡುಕಿದರೂ ಸಿಗಲಿಲ್ಲ. ಬಾದಾಮಿಗೆ ಹತ್ತಿರದ ಒಂದು ಸಣ್ಣ ಘಮ ಮಾತ್ರ. ಮಂದ ತಣ್ಣೀರಿನ ಹಾಲಿಗಿಂತ ಸ್ವಲ್ಪ ಕಮ್ಮಿ, ಪೂರ್ತಿ ಬೇಯಿಸಿದ ಕಾಳಿನ ಹಾಲಿಗಿಂತ ಎಷ್ಟೋ ಮೇಲು. ಸೋಡಾ ಮಾತ್ರ ಚಿಟಿಕೆಗಿಂತ ಜಾಸ್ತಿ ಬೇಡ. ಜಾಸ್ತಿಯಾದರೆ ಹಾಲು ಹಳದಿ ತಿರುಗಿ ಸೋಪಿನ ರುಚಿ ಬರುತ್ತದೆ.

ಇಲ್ಲೊಂದು ಅಪಾಯ ಇದೆ, ಸುಮ್ನೆ ಓದಿ ಮುಂದೆ ಹೋಗಬೇಡಿ. ಮುಚ್ಚಿದ ಜಾರಿನಲ್ಲಿ ಕುದಿಯುವ ನೀರು ತಿರುಗಿದರೆ ಆವಿ ಒಮ್ಮೆಲೇ ಹಿಗ್ಗಿ ಮುಚ್ಚಳ ಹಾರಿಸುತ್ತದೆ. ಬಿಸಿ ಹಿಟ್ಟು ಮುಖಕ್ಕೆ, ಕೈಗೆ ಎರಚುತ್ತದೆ. ಜಾರು ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ತುಂಬಬೇಡಿ. ಬೇಕಿದ್ದರೆ ಎರಡು ಸಲ ರುಬ್ಬಿ. ಮುಚ್ಚಳದ ನಡುವಿನ ಚಿಕ್ಕ ಬಿರಡೆ ತೆಗೆದು, ಮೇಲೆ ದಪ್ಪ ಬಟ್ಟೆ ಮಡಚಿ ಇಟ್ಟು ಒತ್ತಿ ಹಿಡಿಯಿರಿ. ಮೊದಲು ಒಂದೊಂದು ಕ್ಷಣ ಬಿಟ್ಟು ಬಿಟ್ಟು ತಿರುಗಿಸಿ, ಆಮೇಲೆ ಒಂದು ನಿಮಿಷ ಸತತವಾಗಿ. ಗಾಜಿನ ಜಾರು ಬಿಸಿಗೆ ಸೀಳಬಹುದು, ಕೆಲವು ಪ್ಲಾಸ್ಟಿಕ್ ಜಾರುಗಳು ಬಿಸಿಗೆಂದು ಮಾಡಿದವೇ ಅಲ್ಲ. ಮಿಕ್ಸಿಯ ಕೈಪಿಡಿಯಲ್ಲಿ ಬಿಸಿ ಪದಾರ್ಥ ಹಾಕಬೇಡಿ ಎಂದು ಬರೆದಿದ್ದರೆ ಈ ದಾರಿಯೇ ಬೇಡ. ಕಾಳನ್ನು 5 ನಿಮಿಷ ಬೇಯಿಸಿ, ಬಸಿದು, ಆರಿದ ಮೇಲೆ ರುಬ್ಬಿ. ಹಾಲು ಸ್ವಲ್ಪ ತೆಳುವಾದರೂ ಕೈ ಸುಡುವುದಿಲ್ಲ.

ಸೋಸುವಾಗ ಹಿಟ್ಟು ಮುಟ್ಟಲಾಗದಷ್ಟು ಬಿಸಿ ಇರುತ್ತದೆ. ತೂತಿನ ಬುಟ್ಟಿಯನ್ನು ಪಾತ್ರೆಯ ಮೇಲಿಟ್ಟು, ಒದ್ದೆ ಬಟ್ಟೆ ಹಾಸಿ, ಹಿಟ್ಟು ಸುರಿಯಿರಿ. ಉಳಿದ ಬಿಸಿನೀರಲ್ಲಿ ಜಾರು ತೊಳೆದು ಅದನ್ನೂ ಚರಟದ ಮೇಲೇ ಹಾಕಿ. ಬಟ್ಟೆಯ ನಾಲ್ಕು ಮೂಲೆ ಸೇರಿಸಿ ತಿರುಚಿ, ಮೇಲೊಂದು ಚಪ್ಪಟೆ ತಟ್ಟೆ ಇಟ್ಟು ಒತ್ತಿ. ಮೊದಲು ಧಾರೆಯಾಗಿ ಇಳಿಯುವ ಹಾಲು ತೆಳು ಬಿಳಿ. ಕೊನೆಗೆ ಒತ್ತಿದಾಗ ಹನಿ ಹನಿಯಾಗಿ ಬರುವುದು ಕೆನೆ ಬಣ್ಣದ್ದು, ಬೆರಳಿಗೆ ಅಂಟುವಷ್ಟು ಮಂದ. ಅದನ್ನು ಬಿಡಬೇಡಿ. ಬಟ್ಟೆ ತೀರಾ ಸಡಿಲ ನೇಯ್ಗೆಯದಾದರೆ ಚರಟವೂ ಇಳಿಯುತ್ತದೆ, ತೀರಾ ಬಿಗಿಯಾದರೆ ಕಟ್ಟಿಕೊಂಡು ನಿಲ್ಲುತ್ತದೆ. ನೈಲಾನ್ ಜಾಲರಿ ಚೀಲ ತೊಳೆಯಲು ಸುಲಭ, ಆದರೆ ಹಳೆಯ ಮೆತ್ತನೆ ಹತ್ತಿ ಬಟ್ಟೆ ಇನ್ನೂ ನುಣ್ಣಗೆ ಸೋಸುತ್ತದೆ. ಚೀನಾದಲ್ಲಿ ಸಾಮಾನ್ಯವಾಗಿ ಹಸಿ ಹಿಟ್ಟನ್ನು ಸೋಸಿ ಆಮೇಲೆ ಕಾಯಿಸುತ್ತಾರೆ, ಜಪಾನಿನಲ್ಲಿ ಹಿಟ್ಟನ್ನೇ ಕಾಯಿಸಿ ಆಮೇಲೆ ಸೋಸುತ್ತಾರೆ. ಮನೆಯ ಒಲೆಯಲ್ಲಿ ಚರಟ ಇದ್ದಷ್ಟೂ ತಳ ಹಿಡಿಯುವುದು ಜಾಸ್ತಿ. ಹಾಗಾಗಿ ಮೊದಲು ಸೋಸುವುದೇ ನನಗೆ ಇಷ್ಟ.

ಈಗ ಕಾಯಿಸುವುದು. ಇಷ್ಟು ಬಿಸಿಯಲ್ಲಿ ರುಬ್ಬಿದ್ದೇವಲ್ಲ, ಮತ್ತೆ ಯಾಕೆ? ವಾಸನೆಯ ಎಂಜೈಮ್ ಬೇಗ ಸಾಯುತ್ತದೆ, ನಿಜ. ಸೋಯಾದಲ್ಲಿ ಟ್ರಿಪ್ಸಿನ್ ತಡೆಯುವ ಇನ್ನೊಂದು ಗುಂಪಿದೆ. ಟ್ರಿಪ್ಸಿನ್ ಎಂದರೆ ನಮ್ಮ ಹೊಟ್ಟೆ ಪ್ರೋಟೀನ್ ಅರಗಿಸಲು ಬಳಸುವ ರಸ. ಅದನ್ನು ತಡೆದರೆ ಅಜೀರ್ಣ, ವಾಕರಿಕೆ. ಈ ಗುಂಪು ಗಟ್ಟಿ ಜೀವದ್ದು. 100 ಡಿಗ್ರಿಯ ಹತ್ತಿರ 15ರಿಂದ 20 ನಿಮಿಷ ಕುದಿಸಿದರೆ ಬಹುಪಾಲು ಹೋಗುತ್ತದೆ. ಹಸಿ ಸೋಯಾ ಹಾಲನ್ನು ರುಚಿ ನೋಡಲೂ ಕುಡಿಯಬೇಡಿ.

ಕಾಯಿಸುವಾಗ ಹಾಲು ಮೋಸ ಮಾಡುತ್ತದೆ. ಪಾತ್ರೆ ಅರ್ಧ ಖಾಲಿ ಇರಬೇಕು ಎಂದು ಹೇಳುವುದು ಅದಕ್ಕೇ. 80 ಡಿಗ್ರಿ ದಾಟುತ್ತಿದ್ದಂತೆ ಅಂಚಿನಿಂದ ಸಣ್ಣ ನೊರೆ ಏಳುತ್ತದೆ, ನೋಡುನೋಡುತ್ತಿದ್ದಂತೆ ದಪ್ಪಗಾಗಿ ಪಾತ್ರೆಯ ಬಾಯಿಗೆ ಬರುತ್ತದೆ. ಕುದಿ ಬಂತು ಎಂದು ಒಲೆ ಆರಿಸಿಬಿಡುತ್ತೇವೆ. ನೊರೆ ಸರಿಸಿ ಥರ್ಮಾಮೀಟರ್ ಅದ್ದಿದರೆ ಇನ್ನೂ 84. ಕಾಳಿನಲ್ಲಿರುವ ಸಪೋನಿನ್ ಎಂಬ ಅಂಶವೂ ಪ್ರೋಟೀನೂ ಸೇರಿ ಕಟ್ಟುವ ನೊರೆ ಇದು, ಕುದಿಯಲ್ಲ. ಉರಿ ಸಣ್ಣ ಮಾಡಿ, ನೊರೆಯನ್ನು ಸೌಟಿನಿಂದ ತೆಗೆದುಹಾಕಿ, ಮತ್ತೆ ನಿಧಾನ ಏರಿಸಿ. ಎರಡು ಹನಿ ಅಡುಗೆ ಎಣ್ಣೆ ಹಾಕಿದರೆ ನೊರೆ ಬೇಗ ಕುಸಿಯುತ್ತದೆ. ನಿಜವಾದ ಕುದಿಯಲ್ಲಿ ನೊರೆ ತೆಳುವಾಗಿ, ನಡುವಿನಿಂದ ದೊಡ್ಡ ಗುಳ್ಳೆಗಳು ಒಡೆದು ಬರುತ್ತವೆ. ಸಮಯ ಎಣಿಸುವುದು ಅಲ್ಲಿಂದ.

ಆ 15-20 ನಿಮಿಷ ಒಲೆ ಬಿಟ್ಟು ಹೋಗುವಂತಿಲ್ಲ. ಚಪ್ಪಟೆ ಸೌಟಿನಿಂದ ತಳ ಕೆರೆಯುತ್ತಲೇ ಇರಬೇಕು. ಸೌಟು ನುಣ್ಣಗೆ ಜಾರುತ್ತಿದ್ದದ್ದು ಎಲ್ಲೋ ಒಂದು ಕಡೆ ಅಂಟಿದ ಹಾಗೆ ತಡೆದರೆ ಅಲ್ಲಿ ತಳ ಹಿಡಿಯಲು ಶುರುವಾಗಿದೆ ಎಂದರ್ಥ. ಆಗ ಅದನ್ನು ಕೆರೆದು ಮೇಲೆತ್ತಬೇಡಿ, ಹಾಲನ್ನು ಬೇರೆ ಪಾತ್ರೆಗೆ ಬಗ್ಗಿಸಿಬಿಡಿ. ಸೀದ ವಾಸನೆ ಹಾಲಿಗೆ ಸೇರಿದರೆ ಹಸಿ ವಾಸನೆಗಿಂತ ಕೆಟ್ಟದು.

ಆರುವಾಗ ಮೇಲೆ ತೆಳು ಕೆನೆ ಕಟ್ಟುತ್ತದೆ. ಜಪಾನಿನಲ್ಲಿ ಇದನ್ನೇ ಎತ್ತಿ ಯುಬಾ ಎಂದು ತಿನ್ನುತ್ತಾರೆ. ರುಚಿಯಾಗಿರುತ್ತದೆ, ಎಸೆಯಬೇಡಿ. ಕೆನೆ ಬೇಡವಾದರೆ ಪಾತ್ರೆಯನ್ನು ತಣ್ಣೀರಲ್ಲಿಟ್ಟು ತಿರುವುತ್ತಾ ಆರಿಸಿ. ಬೇಗ ಆರಿದಷ್ಟೂ ಹಾಲು ಹೆಚ್ಚು ದಿನ ಇರುತ್ತದೆ. ಚಿಟಿಕೆ ಉಪ್ಪು, ಬೇಕಿದ್ದರೆ ಸ್ವಲ್ಪ ಸಿಹಿ ಈಗ ಹಾಕಬಹುದು. ತೊಳೆದು ಬಿಸಿನೀರು ಹಾಯಿಸಿದ ಬಾಟಲಿಗೆ ತುಂಬಿ ಫ್ರಿಜ್‌ನಲ್ಲಿಟ್ಟರೆ 3 ದಿನ ನಿಶ್ಚಿಂತೆ. ತಳದಲ್ಲಿ ಸ್ವಲ್ಪ ಕೂರುವುದು ಸಹಜ, ಅಲ್ಲಾಡಿಸಿದರೆ ಸೇರುತ್ತದೆ. ಅಲ್ಲಾಡಿಸಿದರೂ ಸೇರದೆ ಮೊಸರಿನಂತೆ ಒಡೆದಿದ್ದರೆ, ಹುಳಿ ವಾಸನೆ ಇದ್ದರೆ, ಚೆಲ್ಲಿ.

ಕಾಫಿ ಪರೀಕ್ಷೆ. ಬಿಸಿ ಕಾಫಿಗೆ ಫ್ರಿಜ್‌ನ ಹಾಲು ಸುರಿದರೆ ಕಣ್ಣೆದುರೇ ಬಿಳಿ ಚೂರುಗಳಾಗಿ ಒಡೆಯಿತು. ಹಾಲು ಕೆಟ್ಟಿರಲಿಲ್ಲ. ಸೋಯಾ ಪ್ರೋಟೀನ್ ಪಿಎಚ್ 4.5ರ ಆಸುಪಾಸಿನಲ್ಲಿ ಒಟ್ಟುಗೂಡಿ ಗಟ್ಟಿಯಾಗುತ್ತದೆ, ಕಾಫಿ ಸುಮಾರು 5 ಇರುತ್ತದೆ. ಅದರ ಮೇಲೆ ಬಿಸಿಯೂ ಸೇರಿದರೆ ಕೇಳಬೇಕೇ? ಕ್ರಮ ತಿರುಗಿಸಿದೆ. ಹಾಲನ್ನು ಬೆಚ್ಚಗೆ ಮಾಡಿ ಮೊದಲು ಲೋಟಕ್ಕೆ ಹಾಕಿ, ಒಂದೆರಡು ನಿಮಿಷ ಆರಿದ ಕಾಫಿಯನ್ನು ನಿಧಾನವಾಗಿ ಅದಕ್ಕೆ ಸುರಿದಾಗ ನಿಂತಿತು. ಕಪ್ಪಗೆ ಹುರಿದ ಬೀಜದ ಕಾಫಿಯಲ್ಲಿ ಹುಳಿ ಕಮ್ಮಿ, ಇನ್ನೂ ಸುಲಭ. ಅಂಗಡಿಯ ‘ಬರಿಸ್ತಾ’ ಡಬ್ಬಿಗಳಲ್ಲಿ ಸಾಮಾನ್ಯವಾಗಿ ಡೈಪೊಟ್ಯಾಸಿಯಂ ಫಾಸ್ಫೇಟ್ ಎಂಬ ಲವಣ ಹಾಕಿರುತ್ತಾರೆ. ಅದು ಹುಳಿಯನ್ನು ತಡೆದುಕೊಳ್ಳುತ್ತದೆ. ಮನೆಯಲ್ಲಿ ಆ ಕೆಲಸಕ್ಕೆ ಕಡಲೆ ಕಾಳಿನಷ್ಟೂ ಬೇಡ, ಚೂರೇ ಚೂರು ಅಡುಗೆ ಸೋಡಾ ಸಾಕು.

ಕ್ಯಾಲ್ಸಿಯಂ ಬಗ್ಗೆಯೂ ಹೇಳಿಬಿಡುತ್ತೇನೆ. ಮನೆಯ ಸೋಯಾ ಹಾಲಿನಲ್ಲಿ ಪ್ರೋಟೀನ್ ಹಸುವಿನ ಹಾಲಿನ ಹತ್ತಿರ ಬರುತ್ತದೆ, ಶೇ 3ರ ಆಸುಪಾಸು. ಕ್ಯಾಲ್ಸಿಯಂ ಬರುವುದಿಲ್ಲ, ಬಿ12 ಇಲ್ಲವೇ ಇಲ್ಲ. ಅಂಗಡಿಯ ಹಾಲಿನಲ್ಲಿ ಅವನ್ನು ಬೇರೆಯಾಗಿ ಸೇರಿಸಿರುತ್ತಾರೆ. ಕ್ಯಾಲ್ಸಿಯಂ ಮಾತ್ರೆ ಪುಡಿ ಮಾಡಿ ಹಾಕುವ ಯೋಚನೆ ಬಂದರೆ ಬಿಟ್ಟುಬಿಡಿ. ಕರಗದ ಪುಡಿಯಾದರೆ ತಳದಲ್ಲಿ ಕೂರುತ್ತದೆ, ಕರಗುವಂಥದ್ದಾದರೆ ಹಾಲು ಒಡೆಯುತ್ತದೆ. ಒಂದು ವರ್ಷ ತುಂಬದ ಮಗುವಿಗೆ ಎದೆಹಾಲು ಅಥವಾ ಶಿಶುಗಳಿಗೆಂದೇ ಮಾಡಿದ ಫಾರ್ಮುಲಾದ ಬದಲು ಮನೆಯ ಯಾವ ಸಸ್ಯದ ಹಾಲನ್ನೂ ಕೊಡಬಾರದು.

ಬಾದಾಮಿ, ಗೋಡಂಬಿಗೆ ಇಷ್ಟು ಪಾಡಿಲ್ಲ. ನೆನೆಸಿ, ರುಬ್ಬಿ, ಸೋಸಿದರೆ ಮುಗಿಯಿತು. ಗೋಡಂಬಿಯನ್ನು ಸೋಸಲೂ ಬೇಕಿಲ್ಲ. ಓಟ್ಸ್ ಮಾತ್ರ ಬೇರೆ ಜಾತಿ, ಅಲ್ಲಿ ಎಲ್ಲವೂ ಉಲ್ಟಾ. ಸೋಯಾಕ್ಕೆ ಬಿಸಿ ಗೆಳೆಯ, ಓಟ್ಸ್‌ಗೆ ಬಿಸಿಯೇ ಶತ್ರು. ಓಟ್ಸ್‌ನಲ್ಲಿ ಅರ್ಧಕ್ಕಿಂತ ಜಾಸ್ತಿ ಪಿಷ್ಟ. ಅದು 55-60 ಡಿಗ್ರಿ ಮುಟ್ಟಿದರೆ ನೀರು ಕುಡಿದು ಲೋಳೆಯಾಗುತ್ತದೆ. ಹಾಗಾಗಿ 90 ಗ್ರಾಂ ಓಟ್ಸ್‌ಗೆ ಒಂದು ಲೀಟರ್ ಐಸಿನಷ್ಟು ತಣ್ಣನೆ ನೀರು, 30 ಸೆಕೆಂಡಿಗಿಂತ ಹೆಚ್ಚು ರುಬ್ಬಬಾರದು, ಸೋಸುವಾಗ ಹಿಂಡಬಾರದು. ಇಷ್ಟು ಮಾಡಿದರೂ ಆ ಹಾಲನ್ನು ಕಾಯಿಸಿದರೆ ಗಂಜಿಯೇ.

ಇದಕ್ಕೊಂದು ಉಪಾಯ ಇದೆ. ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದಲ್ಲಿ ರಿಕಾರ್ಡ್ ಓಸ್ಟೆ 1990ರ ದಶಕದ ಮೊದಲಲ್ಲಿ ರೂಪಿಸಿದ ಓಟ್ಸ್ ಪಾನೀಯದ ಗುಟ್ಟೂ ಇದೇ: ಪಿಷ್ಟವನ್ನು ಎಂಜೈಮ್‌ನಿಂದ ಸಕ್ಕರೆಯಾಗಿ ಒಡೆಯುವುದು. ಅಂಗಡಿಯ ಓಟ್ಸ್ ಹಾಲು ಸಕ್ಕರೆ ಹಾಕದೆಯೂ ಸಿಹಿ ಇರುವುದು ಈ ಕಾರಣಕ್ಕೆ. ಮನೆಯಲ್ಲಿ ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ ಮಾಲ್ಟ್ ಪುಡಿ ಸಾಕು. ಎಂಜೈಮ್ ಜೀವಂತ ಇರುವ, ಹುರಿಯದ ಪುಡಿ ಬೇಕು. ಓಟ್ಸ್ ಮತ್ತು ನೀರನ್ನು ರುಬ್ಬಿ, ಎರಡು ಚಮಚ ಮಾಲ್ಟ್ ಕಲಸಿ, 65 ಡಿಗ್ರಿಗೆ ತಂದು, ಮುಚ್ಚಿ ಬೆಚ್ಚಗಿಟ್ಟೆ. ಮೊದಲು ಗಂಜಿಯಾಗಿ ಸೌಟು ನಿಲ್ಲುವಷ್ಟು ದಪ್ಪವಾಯಿತು. ಆಮೇಲೆ ನಿಧಾನವಾಗಿ ಸಡಿಲಾಗಿ ನೀರಿನಂತೆ ಹರಿಯತೊಡಗಿತು. ಪಿಷ್ಟ ಉಳಿದಿದೆಯಾ ಎಂದು ನೋಡಲು ಒಂದು ಹನಿಯನ್ನು ಬಿಳಿ ತಟ್ಟೆಗೆ ಹಾಕಿ ಅಯೋಡಿನ್ ಸೋಕಿಸಿ. ಕಡುನೀಲಿಯಾದರೆ ಇನ್ನೂ ಇದೆ, ಅಯೋಡಿನ್ ತನ್ನ ಕಂದು ಬಣ್ಣದಲ್ಲೇ ಉಳಿದರೆ ಮುಗಿದಿದೆ. ಆ ತಟ್ಟೆಯ ಹನಿಯನ್ನು ಮಾತ್ರ ಚೆಲ್ಲಬೇಕು, ವಾಪಸ್ ಹಾಕಬಾರದು. 45 ನಿಮಿಷಕ್ಕೆ ನೀಲಿ ಹೋಗಿತ್ತು. ಆಮೇಲೆ ಒಂದು ಕುದಿ ಬರಿಸಿದರೆ ಎಂಜೈಮ್ ನಿಲ್ಲುತ್ತದೆ. ಸೋಸಿದರೆ ಕಾಯಿಸಿದರೂ ಲೋಳೆಯಾಗದ ಹಾಲು ಸಿದ್ಧ. ಬಾರ್ಲಿಯಲ್ಲಿ ಗ್ಲುಟನ್ ಇದೆ, ಅದು ಆಗದವರಿಗೆ ಈ ದಾರಿ ಬೇಡ.

ಉಳಿದ ಸೋಯಾ ಚರಟ ಹಸಿ ಸ್ಥಿತಿಯಲ್ಲೇ ಇರುತ್ತದೆ. ಅದನ್ನು ಕಾಯಿಸಿಲ್ಲ ಅನ್ನೋದು ನೆನಪಿರಲಿ. ರೊಟ್ಟಿ ಹಿಟ್ಟಿಗೋ ವಡೆಗೋ ಹಾಕುವ ಮೊದಲು ಆವಿಯಲ್ಲಿ ಬೇಯಿಸಿ. ತೇವ ಜಾಸ್ತಿ ಇರುವುದರಿಂದ ಹೊರಗಿಟ್ಟರೆ ಅರ್ಧ ದಿನದಲ್ಲೇ ಹಳಸುತ್ತದೆ. ಬೇಯಿಸಲು ಪುರುಸೊತ್ತಿಲ್ಲದಿದ್ದರೆ ತೆಳ್ಳಗೆ ತಟ್ಟಿ ಫ್ರೀಜರಿಗೆ ಹಾಕಿ. ಬಟ್ಟೆಯನ್ನು ಮೊದಲು ತಣ್ಣೀರಲ್ಲೇ ತೊಳೆಯಿರಿ. ನೇರ ಬಿಸಿನೀರು ಹಾಕಿದರೆ ನೂಲಿನ ಸಂದಿಯಲ್ಲಿ ಪ್ರೋಟೀನ್ ಗಟ್ಟಿಯಾಗಿ, ಮುಂದಿನ ಸಲ ಹಾಲು ಇಳಿಯುವುದೇ ಇಲ್ಲ.